ನಿಕ್ಷೇಪಧರ್ಮವೂ ಇಂದಿನ ಕಡತಗಳೂ

ಒಬ್ಬನ ವಸ್ತುವನ್ನು ಮತ್ತೊಬ್ಬನು ತನ್ನ ಮನೆಯಲ್ಲಿಟ್ಟುಕೊಂಡು ಕಾಯುವಾಗ ಅವರಿಬ್ಬರ ನಡುವೆ ಹುಟ್ಟುವ ಧರ್ಮ ಯಾವುದೆಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಮನುಸ್ಮೃತಿಯು ವ್ಯವಹಾರಪದಗಳನ್ನು ಹದಿನೆಂಟೆಂದು ಎಣಿಸುವಲ್ಲಿ ಸಾಲದ ವಿಷಯಕ್ಕೆ ಮೊದಲನೆಯ ಸ್ಥಾನವನ್ನು ಕೊಟ್ಟು, ಅದರ ಹಿಂದೆಯೇ ನಿಕ್ಷೇಪಕ್ಕೆ ಎರಡನೆಯ ಸ್ಥಾನವನ್ನು ಕೊಟ್ಟಿದೆ. ಬ್ಯಾಂಕುಗಳೂ ಅವುಗಳ ಲಾಕರುಗಳೂ ಬಂದ ಮೇಲೆ ಈ ಪ್ರಕರಣವನ್ನು ಪಾಠಶಾಲೆಯ ವಿದ್ಯಾರ್ಥಿಗಳಲ್ಲದೆ ಮತ್ತಾರೂ ಓದುವ ಸಂದರ್ಭವಿರಲಿಲ್ಲ. ಈಗಲಾದರೋ ಅದು ಮತ್ತೆ ಪ್ರತಿಯೊಂದು ಮನೆಯ ಪ್ರಶ್ನೆಯಾಗಿ ನಿಂತಿದೆಯೆಂದು ತೋರಿಸಿ, ಅದಕ್ಕೆ ತಕ್ಕ ಉತ್ತರವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಯಾವ ಗೃಹಸ್ಥನ ಮನೆಯನ್ನಾದರೂ ತೆಗೆದುಕೊಳ್ಳಿರಿ. ಮೂವತ್ತು ವರ್ಷಗಳ ಹಿಂದೆ ಮನೆಯ ಕಾಗದಪತ್ರಗಳೆಲ್ಲವೂ ಒಂದು ಟ್ರಂಕಿನಲ್ಲಿರುತ್ತಿದ್ದುವು. ಜಮೀನಿನ ಕ್ರಯಪತ್ರ, ಪಹಣಿ, ವಿಭಾಗಪತ್ರ, ಮಕ್ಕಳ ಜಾತಕ, ಅಂಕಪಟ್ಟಿ, ಮದುವೆಯ ಕೆಲವು ಭಾವಚಿತ್ರಗಳು, ಇಷ್ಟೇ. ಅದರ ಬೀಗದ ಕೈ ಯಜಮಾನನ ಉಡಿದಾರದಲ್ಲಿಯೋ ಗೃಹಿಣಿಯ ಸೆರಗಿನ ಗಂಟಿನಲ್ಲಿಯೋ ಇರುತ್ತಿತ್ತು. ಇಂದು ಮಗನು ಅಮೆರಿಕೆಯಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ತಂದೆಯ ರಕ್ತಪರೀಕ್ಷೆಯ ವರದಿಯನ್ನು ಮಗನು ಅಲ್ಲಿಂದಲೇ ನೋಡಬೇಕು. ದೇವನಹಳ್ಳಿಯ ವಿಮಾನನಿಲ್ದಾಣವು ೨೦೦೮ರಲ್ಲಿ ತೆರೆದಂದಿನಿಂದ ಬೆಲೆಯೇರಿದ ಜಮೀನಿನ ಪತ್ರವನ್ನು ವಕೀಲರು ತಮ್ಮ ಕಚೇರಿಯಲ್ಲಿಯೇ ಕುಳಿತು ಪರಿಶೀಲಿಸಬೇಕು. ಆದಕಾರಣ ಟ್ರಂಕಿನಲ್ಲಿದ್ದುದೆಲ್ಲವೂ ಚಿತ್ರರೂಪವನ್ನು ಪಡೆದು, ಎಲ್ಲಿಯೋ ಇರುವ ಒಂದು ಯಂತ್ರದಲ್ಲಿ ಸೇರಿಕೊಂಡಿದೆ.

ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಕೇಳಿದವರಿಗೆ ಕೇಳಿದ ಕಡತವನ್ನು ತೆಗೆದುಕೊಡುವುದಕ್ಕಾಗಿ ಹಗಲಿರುಳೂ ಎಚ್ಚರವಾಗಿರುವ ಗಣಕಯಂತ್ರವೇ ಅದು. ಅಂತಹ ಸಹಸ್ರಾರು ಯಂತ್ರಗಳನ್ನು ಒಂದು ಕಟ್ಟಡದಲ್ಲಿ ಜೋಡಿಸಿ, ತಂಪಾಗಿರಿಸಿ, ಕಂಪನಿಗಳು ಅವುಗಳಲ್ಲಿ ನಮಗೆ ಸ್ಥಳವನ್ನು ಕೊಡುತ್ತವೆ. ಜನರು ಇದನ್ನು ‘ಕ್ಲೌಡ್’ ಎಂದು, ಅಂದರೆ ಮೋಡವೆಂದು ಕರೆಯುವರು. ಹೆಸರು ಸೊಗಸಾಗಿದೆ, ಆದರೆ ವಿಚಾರಕ್ಕೆ ಅನುಕೂಲವಾಗಿಲ್ಲ. ಮೋಡವು ಯಾರ ಸ್ವತ್ತೂ ಅಲ್ಲ. ಈ ಯಂತ್ರಕ್ಕಾದರೋ ಯಜಮಾನನುಂಟು. ಅದಿರುವ ಕಟ್ಟಡಕ್ಕೆ ಗೋಡೆ, ಬಾಗಿಲು, ಕಾವಲುಗಾರರು ಉಂಟು. ಆ ನೆಲಕ್ಕೆ ಒಂದು ಸರಕಾರವೂ ಉಂಟು. ಮೋಡವೆಂಬ ಮಾತನ್ನು ಬಿಟ್ಟು ‘ಪರರ ಮನೆ’ ಎಂದು ಹೇಳಿಕೊಂಡರೆ ವಿಷಯವು ಒಡನೆಯೇ ಸ್ಪಷ್ಟವಾಗುತ್ತದೆ. ನಾವು ನಮ್ಮ ಗುಟ್ಟಿನ ಗಂಟನ್ನು ಪರರ ಮನೆಯಲ್ಲಿಟ್ಟು, ಬೇಕಾದವರಿಗೆ ಅಲ್ಲಿಂದ ತೆಗೆದುಕೊಳ್ಳಲು ಹೇಳುತ್ತಿದ್ದೇವೆ.

ಪತ್ರಗಳು ಪರರ ಮನೆಯಲ್ಲಿರುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಗಣಕಯಂತ್ರದ ‘ಫೈಲು’ ಎಂಬುದಕ್ಕೆ ನಾವು ಬಳಸುವ ಕಡತವೆಂಬ ಶಬ್ದವೇ ಇದಕ್ಕೆ ಸಾಕ್ಷಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಶೃಂಗೇರಿಯ ಮಠದ ಕಡತಗಳು ಇತಿಹಾಸಜ್ಞರಿಗೆ ಸುಪರಿಚಿತವಾದುವು. ಊರಿನ ಜಮೀನಿನ ಲೆಕ್ಕವೆಲ್ಲವೂ ಶಾನುಭೋಗರ ಮನೆಯ ನಡುಮನೆಯಲ್ಲಿರುತ್ತಿತ್ತು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಶಾನುಭೋಗರ ಮನೆಯಿಂದ ಸರಕಾರದ ಯಂತ್ರಕ್ಕೆ ಹೋದುದರಲ್ಲಿ ರೈತನಿಗೆ ಲಾಭವೇ ಹೆಚ್ಚೆಂದು ಒಪ್ಪಬೇಕು. ಬರೆದುದನ್ನು ತಿದ್ದಿದರೆ ಈಗ ಗುರುತು ಉಳಿಯುತ್ತದೆ, ನಕಲಿಗಾಗಿ ಒಬ್ಬರ ಜಗಲಿಯನ್ನು ಕಾಯಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಶಾನುಭೋಗರ ಮುಖವನ್ನು ಊರು ಬಲ್ಲುದು. ಅವರ ಗುಣದೋಷಗಳೂ ಊರಿಗೆ ಗೊತ್ತು. ಇಂದಿನ ನಿಕ್ಷೇಪಧಾರಿಗೆ ಮುಖವಿಲ್ಲ. ಈ ಮುಖವಿಲ್ಲದ ವಿಶ್ವಾಸವು ಯುಕ್ತವೇ ಎಂಬುದೇ ಇಲ್ಲಿಯ ಸಂಶಯ.

ಮೊದಲು ಶಾಸ್ತ್ರದ ವಿಭಾಗವನ್ನು ನೋಡೋಣ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅವನು ಪರಹಸ್ತದಲ್ಲಿಡುವ ವಸ್ತುಗಳಲ್ಲಿ ಸೂಕ್ಷ್ಮವಾದ ಭೇದಗಳನ್ನು ತೋರಿಸಿದ್ದಾನೆ. ಎದುರಿನಲ್ಲಿ ತೋರಿಸಿ ಒಪ್ಪಿಸಿದುದು ನಿಕ್ಷೇಪ. ಪೆಟ್ಟಿಗೆಯಲ್ಲಿಯೋ ಚೀಲದಲ್ಲಿಯೋ ಇಟ್ಟು, ಮುದ್ರೆ ಹಾಕಿ, ಒಳಗೇನಿದೆ ಎಷ್ಟಿದೆ ಎಂದು ಹೇಳದೆ ಒಪ್ಪಿಸಿದುದು ಉಪನಿಧಿ. ಮನೆಯ ಯಜಮಾನನು ಇಲ್ಲದಾಗ ಮನೆಯವರ ಕೈಯಲ್ಲಿ ಕೊಟ್ಟು, ಅವನಿಗೆ ಒಪ್ಪಿಸಿರೆಂದು ಹೇಳಿದುದು ನ್ಯಾಸ. ಒಬ್ಬನು ತನ್ನಲ್ಲಿಟ್ಟುದನ್ನು ತಾನು ಮತ್ತೊಬ್ಬನ ಕೈಗೆ ಕೊಟ್ಟು, ಒಡೆಯನಿಗೆ ಸಲ್ಲಿಸೆಂದು ಹೇಳಿದರೆ ಅದು ಅನ್ವಾಹಿತ.

ಒಂಬೈನೂರು ವರ್ಷಗಳ ಹಿಂದಿನ ಈ ವಿಭಾಗವು ಇಂದಿನ ಯಂತ್ರಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆಯೆಂಬುದನ್ನು ವಾಚಕರು ಗಮನಿಸಬೇಕು. ಸಾಮಾನ್ಯವಾಗಿ ನಾವು ಕಂಪನಿಯ ಸರ್ವರಿನಲ್ಲಿಡುವ ಕಡತವು ನಿಕ್ಷೇಪ. ಏಕೆಂದರೆ ಕಂಪನಿಯು ದಾರಿಯ ಕಳ್ಳರಿಂದಲೂ ಹೊರಗಿನವರಿಂದಲೂ ಅದನ್ನು ಮರೆಮಾಡಿದರೂ, ಬೀಗದ ಕೈಯನ್ನು ತನ್ನಲ್ಲಿಯೇ ಇಟ್ಟುಕೊಂಡಿರುತ್ತದೆ. ತಾನು ಬಯಸಿದರೆ ತೆರೆಯಬಲ್ಲುದು. ಕಡತವನ್ನು ನಮ್ಮ ಮನೆಯಲ್ಲಿಯೇ ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ನಮ್ಮಲ್ಲಿಯೂ ನಾವು ಕೊಟ್ಟವರಲ್ಲಿಯೂ ಮಾತ್ರ ಉಳಿಸಿಕೊಂಡು ಕಳುಹಿಸಿದರೆ ಅದು ಉಪನಿಧಿ. ಕಾಯುವವನು ಗಂಟಿನ ತೂಕವನ್ನು ಬಲ್ಲನೇ ಹೊರತು ಒಳಗಿನದನ್ನು ಅರಿಯನು. ಕಂಪನಿಯು ತನ್ನದಲ್ಲದ ಮತ್ತೊಂದು ಕಂಪನಿಯ ಯಂತ್ರಗಳನ್ನು ಬಾಡಿಗೆಗೆ ಹಿಡಿದು ಅಲ್ಲಿ ನಮ್ಮ ಕಡತವನ್ನಿಟ್ಟರೆ, ಮತ್ತು ಇಂದು ಇದು ಬಹಳ ಸಾಮಾನ್ಯ, ಅದು ಅನ್ವಾಹಿತವೇ ಸರಿ. ಈ ಭೇದಗಳನ್ನು ತಿಳಿಯದವರಿಗೆ ಎಲ್ಲವೂ ಒಂದೇ ಮೋಡ. ಒಂದು ಉದಾಹರಣೆ ಸಾಕು: ವಾಟ್ಸಾಪಿನ ಸಂದೇಶಗಳು ೨೦೧೬ರಿಂದ ಕಳುಹಿಸಿದವನಿಗೂ ಪಡೆದವನಿಗೂ ಮಾತ್ರ ತೆರೆಯುವಂತೆ ಮುದ್ರಿತವಾಗಿ ಹೋಗುತ್ತಿವೆ. ಆದರೆ ಅವುಗಳ ಪ್ರತಿಯನ್ನು ದೂರದ ಸರ್ವರಿನಲ್ಲಿ ಕಾದಿಡುವಾಗಲೂ ಅದೇ ವಿಧವಾದ ಮುದ್ರೆಯನ್ನು ಹಾಕುವ ಅನುಕೂಲವು ಬಂದುದು ೨೦೨೧ರಲ್ಲಿ. ಅದನ್ನೂ ಬಳಸುವವನೇ ಆರಿಸಿಕೊಳ್ಳಬೇಕು. ದಾರಿಯಲ್ಲಿ ಮುದ್ರೆ, ಮನೆಯಲ್ಲಿ ಬಯಲು ಎಂಬಂತಾಯಿತು.

ಇನ್ನು ಕಾಯುವವನ ಧರ್ಮ. ಕೊಟ್ಟುದನ್ನು ಕೊಟ್ಟಂತೆಯೇ, ಅದೇ ಮುದ್ರೆಯೊಡನೆ, ಕೇಳಿದ ಕೂಡಲೇ ಹಿಂದಿರುಗಿಸಬೇಕೆಂಬುದು ಮೊದಲನೆಯದು. ರಾಜನು ತೆಗೆದುಕೊಂಡರೆ, ದೈವದಿಂದ ನಾಶವಾದರೆ, ಕಳ್ಳರು ಕದ್ದರೆ ಕಾಯುವವನು ತೆರಬೇಕಾಗಿಲ್ಲವೆಂಬುದು ಎರಡನೆಯದು. ಕೇಳಿದಾಗ ಕೊಡದೆ ಇಟ್ಟುಕೊಂಡು ಆಮೇಲೆ ನಾಶವಾದರೆ ಮಾತ್ರ ಅವನು ತೆರಬೇಕು. ತನ್ನ ಇಚ್ಛೆಯಿಂದ ಅದನ್ನು ಬಳಸಿ ಜೀವಿಸಿದವನು ದಂಡಾರ್ಹನು, ವೃದ್ಧಿಯೊಡನೆ ಹಿಂದಕ್ಕೆ ಕೊಡಬೇಕೆಂಬುದು ಮೂರನೆಯದು. ಈ ಮೂರರಲ್ಲಿ ಒಂದೊಂದಕ್ಕೂ ಇಂದಿನ ಲೋಕದಲ್ಲಿ ದೃಷ್ಟಾಂತ ಉಂಟು.

ದೈವಕ್ಕೆ: ೨೦೨೧ರ ಮಾರ್ಚಿ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ಪಟ್ಟಣದಲ್ಲಿ ಓವಿಎಚ್ ಕಂಪನಿಯ ಸರ್ವರುಗಳ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು, ಬೇರೆಡೆಯಲ್ಲಿ ಪ್ರತಿಯಿಟ್ಟುಕೊಳ್ಳದವರ ಕಡತಗಳು ಬೂದಿಯಾದುವು. ಮೋಡಕ್ಕೂ ಬೆಂಕಿ ತಗಲುವುದೆಂದು ಅಂದು ಲೋಕವು ಕಂಡಿತು. ರಾಜನಿಗೆ: ೨೦೧೨ರ ಜನವರಿಯಲ್ಲಿ ಅಮೆರಿಕದ ಸರಕಾರವು ಮೆಗಾಅಪ್‌ಲೋಡ್ ಎಂಬ ಸಂಸ್ಥೆಯನ್ನು ಕೃತಿಸ್ವಾಮ್ಯದ ಅಪರಾಧಗಳಿಗಾಗಿ ಮುಚ್ಚಿಸಿತು. ಅಲ್ಲಿ ಕದ್ದ ಚಲನಚಿತ್ರಗಳನ್ನಿಟ್ಟವರು ಇದ್ದುದು ನಿಜ. ತಮ್ಮ ಸ್ವಂತ ಕೆಲಸದ ಕಡತಗಳನ್ನಿಟ್ಟ ನಿರಪರಾಧಿಗಳೂ ಇದ್ದರು. ಬಾಗಿಲಿಗೆ ಬೀಗ ಬಿದ್ದಾಗ ಎರಡು ವರ್ಗದವರ ಗಂಟುಗಳೂ ಒಳಗೇ ಉಳಿದುವು. ಕಳ್ಳರಿಗೆ: ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿಯೇ, ನೋಂದಾಯಿತ ಕ್ರಯಪತ್ರಗಳ ಪ್ರತಿಗಳಿಂದ ಬೆರಳಚ್ಚುಗಳನ್ನು ತೆಗೆದು, ಆಧಾರಿನ ಮೂಲಕ ಜನರ ಬ್ಯಾಂಕ್ ಖಾತೆಗಳಿಂದ ಹಣವನ್ನು ಅಪಹರಿಸಿದ ಪ್ರಕರಣಗಳು ವರದಿಯಾದುವು. ನಮ್ಮ ಹಿರಿಯರು ಹೆಬ್ಬೆಟ್ಟನ್ನು ಒತ್ತಿದುದು ಸತ್ಯಕ್ಕೆ ಗುರುತಾಗಲೆಂದು. ಅದೇ ಕಳ್ಳನ ಕೈಗೆ ಬೀಗದ ಕೈಯಾಯಿತು.

ಬಳಸಿ ಜೀವಿಸುವ ಮೂರನೆಯ ದೋಷವೇ ಇಂದು ಅತಿ ಸೂಕ್ಷ್ಮವಾದುದು. ನಮ್ಮ ಕಡತಗಳನ್ನು ಓದಿ ನಮಗೆ ಯಾವ ಜಾಹೀರಾತನ್ನು ತೋರಿಸಬೇಕೆಂದು ನಿಶ್ಚಯಿಸುವುದು, ಅವುಗಳಿಂದ ಹೊಸ ಯಂತ್ರಗಳಿಗೆ ಪಾಠ ಹೇಳಿಸುವುದು, ಇವೆಲ್ಲ ನಿಕ್ಷೇಪದ ಭೋಗವಲ್ಲದೆ ಮತ್ತೇನು? ಇಲ್ಲಿ ಪೂರ್ವಪಕ್ಷದವರು ಮೂರು ಆಕ್ಷೇಪಗಳನ್ನು ತರುವರು. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಆಕ್ಷೇಪವಿದು: ಚಿನ್ನವನ್ನು ಬಳಸಿದರೆ ಸವೆಯುವುದು, ಧಾನ್ಯವನ್ನು ಉಂಡರೆ ಮುಗಿಯುವುದು, ಕಡತವನ್ನು ಓದಿದರೆ ಏನೂ ಕಡಮೆಯಾಗುವುದಿಲ್ಲ. ಒಡೆಯನಿಗೆ ನಷ್ಟವಿಲ್ಲದ ಮೇಲೆ ಭೋಗದೋಷವೆಲ್ಲಿಯದು? ಸಮಾಧಾನವೇನೆಂದರೆ, ವಸ್ತುವಿನ ಸಾರವು ಯಾವುದರಲ್ಲಿದೆಯೋ ಅದರ ಕ್ಷಯವೇ ನಷ್ಟ. ಚಿನ್ನದ ಸಾರ ತೂಕದಲ್ಲಿ. ಗುಟ್ಟಿನ ಸಾರ ಅದನ್ನು ಬಲ್ಲವರ ಸಂಖ್ಯೆಯಲ್ಲಿ. ಇಬ್ಬರು ಬಲ್ಲುದನ್ನು ಮೂರನೆಯವನು ತಿಳಿದೊಡನೆ, ಅಕ್ಷರವೊಂದೂ ಅಳಿಯದಿದ್ದರೂ, ಗುಟ್ಟು ಸವೆಯಿತು. ಸವೆದ ಚಿನ್ನಕ್ಕೆ ಚಿನ್ನವನ್ನು ತುಂಬಿಕೊಡಬಹುದು. ತಿಳಿದುದನ್ನು ತಿಳಿಯದಂತೆ ಮಾಡಿ ಹಿಂದಿರುಗಿಸುವ ಉಪಾಯವಿಲ್ಲ. ಆದಕಾರಣ ಗುಟ್ಟಿನ ನಿಕ್ಷೇಪದಲ್ಲಿ ಕಾಯುವವನ ಹೊಣೆ ಹೆಚ್ಚಬೇಕೇ ಹೊರತು ಕಡಮೆಯಾಗಲಾಗದು.

ಎರಡನೆಯ ಆಕ್ಷೇಪ: ಸ್ಥಳವನ್ನು ಪುಕ್ಕಟೆಯಾಗಿ ಕೊಟ್ಟಿದ್ದಾರೆ, ನಿಬಂಧನೆಗಳಿಗೆ ನೀವೇ ಒಪ್ಪಿಗೆಯಿತ್ತಿದ್ದೀರಿ, ಇನ್ನು ದೂರುವುದೇಕೆ? ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಪುಕ್ಕಟೆಯ ಸ್ಥಳವು ಶಾಶ್ವತವಲ್ಲವೆಂಬುದು ಅನುಭವಸಿದ್ಧ. ಗೂಗಲ್ ಕಂಪನಿಯು ಭಾವಚಿತ್ರಗಳಿಗೆ ಮಿತಿಯಿಲ್ಲದೆ ಕೊಡುತ್ತಿದ್ದ ಸ್ಥಳವನ್ನು ೨೦೨೧ರ ಜೂನ್ ೧ರಿಂದ ನಿಲ್ಲಿಸಿತು; ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ೨೦೨೩ರ ಡಿಸೆಂಬರಿನಿಂದ ಜಾರಿಗೆ ತಂದಿತು. ಇದನ್ನು ಅನ್ಯಾಯವೆನ್ನಲಾಗದು, ಮೊದಲೇ ತಿಳಿಸಿದ್ದರು. ಆದರೆ ಸ್ಮೃತಿಕಾರರ ಕಾಲದ ನಿಕ್ಷೇಪವೂ ಸಂಬಳವಿಲ್ಲದ ಕಾವಲೇ ಆಗಿತ್ತು. ಕೂಲಿಯಿಲ್ಲವೆಂಬ ಕಾರಣದಿಂದ ಗಂಟನ್ನು ಬಿಚ್ಚಬಹುದೆಂದು ಯಾವ ಸ್ಮೃತಿಕಾರನೂ ಹೇಳಲಿಲ್ಲ. ಒಪ್ಪಿಗೆಯ ಮಾತೂ ಹಾಗೆಯೇ. ಓದಲಾಗದಷ್ಟು ಉದ್ದವಾದ, ಪರಭಾಷೆಯಲ್ಲಿ ಬರೆದ, ಒಪ್ಪದಿದ್ದರೆ ಬಾಗಿಲನ್ನೇ ತೆರೆಯದ ಪತ್ರಕ್ಕೆ ಕೊಟ್ಟ ಒಪ್ಪಿಗೆಯು, ಓದು ಬಾರದ ರೈತನಿಂದ ಬರೆಯದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರನ ಪತ್ರಕ್ಕಿಂತ ಎಷ್ಟು ಮೇಲೆಂಬುದನ್ನು ವಾಚಕರೇ ಹೇಳಲಿ.

ಮೂರನೆಯ ಆಕ್ಷೇಪವೇ ಬಲವಾದುದು. ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ? ಮುದ್ರೆಯಿಟ್ಟ ಗಂಟುಗಳಲ್ಲಿ ಪಾಪಿಗಳು ಘೋರವಾದುದನ್ನು ಅಡಗಿಸಿಡರೆ? ಮಕ್ಕಳ ಮೇಲಣ ಅತ್ಯಾಚಾರದ ಚಿತ್ರಗಳನ್ನು ಹಂಚಿಕೊಳ್ಳುವ ನೀಚರೂ ಇದೇ ಸರ್ವರುಗಳನ್ನು ಬಳಸುತ್ತಾರೆ. ಕಾಯುವವನು ಎಲ್ಲ ಗಂಟುಗಳನ್ನೂ ಬಿಚ್ಚಿ ನೋಡುವುದು ಲೋಕರಕ್ಷಣೆಯಲ್ಲವೆ?

ಈ ಆಕ್ಷೇಪದ ಹಿಂದಿರುವ ಕಳಕಳಿಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೂ ಎರಡು ಮಾತುಗಳನ್ನು ಬೇರ್ಪಡಿಸಬೇಕು. ಮುಚ್ಚಿಡುವುದೆಲ್ಲವೂ ಪಾಪವಲ್ಲ. ಸ್ನಾನಗೃಹಕ್ಕೆ ಬಾಗಿಲುಂಟು, ಅದನ್ನು ಮುಚ್ಚುವುದು ಮಾನಕ್ಕಾಗಿ. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿದರು. ಆ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು, ಖಾಸಗಿತನವು ಸಂವಿಧಾನವು ಕಾಪಾಡುವ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತರು. ಅಪರಾಧಿಯೊಬ್ಬನ ರಕ್ಷಣೆಗಾಗಿ ಹುಟ್ಟಿದ ತೀರ್ಪಲ್ಲ ಅದು; ಸಾಧಾರಣ ಪ್ರಜೆಯ ಮಾನದ ವಿಚಾರ.

ಎರಡನೆಯದಾಗಿ, ಅನುಮಾನದಿಂದ ಒಂದು ಗಂಟನ್ನು ಪರೀಕ್ಷಿಸುವುದು ಬೇರೆ, ಅನುಮಾನವಿಲ್ಲದೆಯೇ ಎಲ್ಲ ಗಂಟುಗಳನ್ನು ಬಿಚ್ಚುವುದು ಬೇರೆ. ೨೦೨೧ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಒಬ್ಬ ತಂದೆಯು ತನ್ನ ಎಳೆಯ ಮಗನ ದೇಹದಲ್ಲಿ ಬಾವು ಕಂಡು, ವೈದ್ಯರಿಗೆ ತೋರಿಸಲೆಂದು ಚಿತ್ರವನ್ನು ತೆಗೆದನು. ಆ ಚಿತ್ರವು ತಾನಾಗಿಯೇ ಗೂಗಲಿನ ಸರ್ವರನ್ನು ಸೇರಿತು. ಅಲ್ಲಿನ ಯಂತ್ರವು ಅದನ್ನು ಅಪರಾಧದ ಚಿತ್ರವೆಂದು ಗುರುತಿಸಿತು, ಖಾತೆಯು ಮುಚ್ಚಿತು, ವಿಷಯವು ಪೋಲೀಸರವರೆಗೆ ಹೋಯಿತು. ಪೋಲೀಸರು ವಿಚಾರಿಸಿ ಅಪರಾಧವಿಲ್ಲವೆಂದರು. ಆದರೂ ಅವನ ಪತ್ರಗಳು, ಚಿತ್ರಗಳು, ವಿಳಾಸಗಳು ಹಿಂದಕ್ಕೆ ಬರಲಿಲ್ಲವೆಂದು ೨೦೨೨ರಲ್ಲಿ ಪತ್ರಿಕೆಗಳು ವರದಿ ಮಾಡಿದುವು. ರಾಜಪುರುಷನು ನಿರ್ದೋಷಿಯೆಂದವನನ್ನು ನಿಕ್ಷೇಪಧಾರಿಯು ದೋಷಿಯೆಂದೇ ಎಣಿಸಿದನು. ಕಾಯುವವನೇ ಶೋಧಕನೂ ನ್ಯಾಯಾಧೀಶನೂ ಆದರೆ ಹೀಗಾಗುವುದು ಆಶ್ಚರ್ಯವಲ್ಲ.

ಆದಕಾರಣ ಇಲ್ಲಿ ನನಗೆ ಯುಕ್ತವಾಗಿ ತೋರುವ ಪಕ್ಷವಿದು. ದುಷ್ಟನನ್ನು ಹುಡುಕುವುದು ರಾಜಧರ್ಮ. ಕಾರಣವನ್ನು ತೋರಿಸಿ, ನ್ಯಾಯಾಲಯದ ಅಪ್ಪಣೆಯಿಂದ, ಇಂತಹವನ ಇಂತಹ ಗಂಟೆಂದು ಹೆಸರಿಸಿ ಶೋಧಿಸಲಿ. ಮುದ್ರೆಯೇ ಅಪರಾಧವೆಂದು ಎಣಿಸದಿರಲಿ. ಬ್ರಿಟನ್ ಸರಕಾರದ ಒತ್ತಾಯದಿಂದ ಆಪಲ್ ಕಂಪನಿಯು ೨೦೨೫ರ ಫೆಬ್ರವರಿಯಲ್ಲಿ ಆ ದೇಶದ ಹೊಸ ಬಳಕೆದಾರರಿಗೆ ತನ್ನ ಅತಿ ಬಲವಾದ ಮುದ್ರೆಯ ಅನುಕೂಲವನ್ನು ನಿಲ್ಲಿಸಿತು. ಕಳ್ಳನೊಬ್ಬನಿಗಾಗಿ ಊರಿನ ಬೀಗಗಳೆಲ್ಲ ಸಡಿಲವಾದರೆ ಮತ್ತೊಬ್ಬ ಕಳ್ಳನಿಗೆ ಅನುಕೂಲವಾಗುವುದೆಂಬುದನ್ನು ರಾಜ್ಯಗಳು ಮರೆಯಬಾರದು. ಮುದ್ರೆಯಿಂದ ಕೆಲವು ದುಷ್ಟರು ತಪ್ಪಿಸಿಕೊಳ್ಳುವರೆಂಬ ಕಷ್ಟವು ಈ ಪಕ್ಷದಲ್ಲಿ ಉಳಿದೇ ಉಳಿಯುತ್ತದೆ. ಅದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಕಷ್ಟವಿಲ್ಲದ ಪಕ್ಷವು ಇಲ್ಲಿ ಯಾವುದೂ ಇಲ್ಲ.

ಗಂಟನ್ನು ಬಿಚ್ಚಿದುದರಿಂದ ಲೋಕಕ್ಕೆ ಉಪಕಾರವಾದುದೂ ಉಂಟಲ್ಲವೆಂದು ಕೆಲವರು ಕೇಳಬಹುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಕಟ್ಟನ್ನು ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದದಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರವು ಅಂದು ಬೆಳಕಿಗೆ ಬರುತ್ತಿರಲಿಲ್ಲ. ೧೯೦೯ರಲ್ಲಿ ಅಚ್ಚಾದ ಆ ಗ್ರಂಥದಲ್ಲಿಯೇ ಉಪನಿಧಿಯ ಮೇಲೆ ಒಂದು ಅಧ್ಯಾಯವಿರುವುದು ವಿಶೇಷ. ಆದರೆ ಆ ಪಂಡಿತರು ಕಟ್ಟನ್ನು ಕೊಟ್ಟುದು ಗ್ರಂಥಾಲಯಕ್ಕೆ. ಗ್ರಂಥಾಲಯಕ್ಕೆ ಕೊಡುವುದೆಂದರೆ ಓದಲಿಕ್ಕೆ ಕೊಡುವುದೇ. ಕೊಟ್ಟವನ ಉದ್ದೇಶವೇ ನಿಕ್ಷೇಪದ ಧರ್ಮವನ್ನು ನಿರ್ಣಯಿಸುತ್ತದೆ. ಗ್ರಂಥಾಲಯದಲ್ಲಿ ಪುಣ್ಯವಾದುದು ಉಪನಿಧಿಯಲ್ಲಿ ದ್ರೋಹವಾಗುವುದು.

ಕಾಯುವವನ ಧರ್ಮವನ್ನು ಇಷ್ಟು ಹೇಳಿದೆವು. ಇಡುವವನಿಗೆ ಧರ್ಮವಿಲ್ಲವೆ? ಈ ಭಾಗವನ್ನೇ ಜನರು ಮರೆಯುವುದು. ನಮ್ಮ ಜಿಲ್ಲೆಯ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಊರೂ ಹೆಸರೂ ಬೇಡ. ಮದುವೆಯ ಮಾತುಕತೆಗಾಗಿ ಕನ್ಯೆಯ ಜಾತಕ, ಭಾವಚಿತ್ರಗಳು, ಸಂಬಳದ ಚೀಟಿ, ಮನೆಯ ವಿವರ ಎಲ್ಲವನ್ನೂ ದೂರದ ಸರ್ವರಿನಲ್ಲಿ ಒಂದೆಡೆ ಸೇರಿಸಿ, ಅದನ್ನು ತೆರೆಯುವ ಲಿಂಕನ್ನು ವರನ ಕಡೆಯವರಿಗೆ ಕಳುಹಿಸಿದರು. ಲಿಂಕುಳ್ಳವರೆಲ್ಲರೂ ನೋಡಬಹುದೆಂಬಂತೆ ಅದು ಇತ್ತು. ಅವರು ತಮ್ಮ ಬಂಧುಗಳಿಗೆ, ಬಂಧುಗಳು ಮದುವೆಯ ದಲ್ಲಾಳಿಗೆ, ಅವನು ಮತ್ತೆ ಹತ್ತು ಮಂದಿಗೆ ಕಳುಹಿಸಿದರು. ಸಂಬಂಧವು ಕೂಡಿಬರಲಿಲ್ಲ, ಲಿಂಕನ್ನು ಯಾರೂ ಮುಚ್ಚಲಿಲ್ಲ. ವರುಷವಾದ ಮೇಲೆ ಅಪರಿಚಿತನೊಬ್ಬನು ಆಕೆಗೆ ದೂರವಾಣಿ ಮಾಡಿ, ಅವಳ ಸಂಬಳವನ್ನೂ ಸೀರೆಯ ಬಣ್ಣವನ್ನೂ ಹೇಳಿ ಮಾತನಾಡಿಸಿದನು. ಆ ಹುಡುಗಿಯು ಬಹುಕಾಲ ಹೊಸ ದೂರವಾಣಿಯ ಕರೆಗೆ ಉತ್ತರವನ್ನೇ ಕೊಡಲಿಲ್ಲ. ಇಲ್ಲಿ ರಾಜನಿಲ್ಲ, ದೈವವಿಲ್ಲ, ಬೀಗ ಮುರಿದ ಕಳ್ಳನೂ ಇಲ್ಲ. ಕಂಪನಿಯು ಹೇಳಿದಂತೆಯೇ ನಡೆದುಕೊಂಡಿತು. ದೋಷವೆಲ್ಲವೂ ಗೌರವಸ್ಥರಾದ ಮನುಷ್ಯರದು. ಅವರಲ್ಲಿ ಒಬ್ಬರಿಗೂ ತಾವು ದೋಷ ಮಾಡಿದೆವೆಂಬ ಅರಿವಿರಲಿಲ್ಲ.

ಇದರಿಂದ ತಿಳಿಯುವುದೇನು? ನಾವು ‘ನಮ್ಮ ಕಡತ’ವೆಂದು ಹೇಳುವುದರಲ್ಲಿ ನಮ್ಮದು ಸ್ವಲ್ಪ, ಪರರದು ಬಹಳ. ಭಾವಚಿತ್ರದಲ್ಲಿ ಇರುವವರು ಪರರು. ಪತ್ರದಲ್ಲಿ ಬರೆದವರ ಪಾಲುಂಟು. ವೈದ್ಯರ ವರದಿಯಲ್ಲಿ ವೃದ್ಧರ ಮಾನವುಂಟು. ನಾವು ಸರ್ವರಿಗೆ ಇಡುವವರಾಗುವ ಮುಂಚೆಯೇ ಆ ಪರರ ಗುಟ್ಟಿಗೆ ನಾವೇ ನಿಕ್ಷೇಪಧಾರಿಗಳಾಗಿದ್ದೇವೆ. ನಮ್ಮ ಕೈಯಿಂದ ಮುಂದಕ್ಕೆ ಹೋಗುವುದೆಲ್ಲವೂ ಅನ್ವಾಹಿತ. ಒಡೆಯನ ಇಷ್ಟವನ್ನು ಕೇಳದೆ ಅದನ್ನು ಮುಂದಕ್ಕೆ ಕೊಡತಕ್ಕದ್ದಲ್ಲ.

ಹಾಗಾದರೆ ದೂರದ ಸರ್ವರನ್ನು ಬಿಟ್ಟೇಬಿಡೋಣವೆ? ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಯಂತ್ರವನ್ನಿಟ್ಟು, ನೆಕ್ಸ್ಟ್‌ಕ್ಲೌಡ್ ಮೊದಲಾದ ಉಚಿತ ತಂತ್ರಾಂಶಗಳಿಂದ ಅದನ್ನೇ ಸರ್ವರಾಗಿ ಮಾಡಿಕೊಳ್ಳುವ ಯುವಕರಿದ್ದಾರೆ. ಅವರ ಸ್ವಾವಲಂಬನೆಯು ಸ್ತುತ್ಯವಾದುದು. ಆದರೆ ಮನೆಗೂ ಸಿಡಿಲು ಬಡಿಯುವುದು, ವಿದ್ಯುತ್ತು ಹೋಗುವುದು, ಕಳ್ಳರು ನುಗ್ಗುವರು. ಸ್ವಗೃಹವು ಸದಾ ಸುರಕ್ಷಿತವಾಗಿದ್ದಿದ್ದರೆ ನಿಕ್ಷೇಪದ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಪರರಲ್ಲಿ ಮುದ್ರೆಯೊಡನೆ, ಇದೇ ಮಧ್ಯಮ ಮಾರ್ಗ. ನಿಕ್ಷೇಪವನ್ನು ಕುಲೀನನೂ ಸದಾಚಾರಿಯೂ ಸತ್ಯವಂತನೂ ಧನವಂತನೂ ಬಂಧುವರ್ಗವುಳ್ಳವನೂ ಆದವನಲ್ಲಿ ಇಡಬೇಕೆಂಬುದು ಮನುವಿನ ಅಭಿಪ್ರಾಯ. ಇಂದಿಗೆ ಅದನ್ನು ಹೀಗೆ ತಿಳಿಯಬಹುದು: ಕಂಪನಿಯು ಎಷ್ಟು ಕಾಲದ್ದು, ಹಿಂದೆ ಹೇಗೆ ನಡೆದುಕೊಂಡಿದೆ, ಅದರ ಜೀವನವು ಇಡುವವರ ಬಾಡಿಗೆಯಿಂದಲೋ ಇಟ್ಟುದರ ಭೋಗದಿಂದಲೋ, ಅದನ್ನು ಕೇಳಬಲ್ಲ ಕಾನೂನು ಯಾವ ದೇಶದ್ದು.

ಮೃತ್ಯುವನ್ನೂ ನೆನೆಯಬೇಕು. ಇಟ್ಟವನು ಸತ್ತರೆ ಅವನ ಬಂಧುವಿಗೆ ತಾನಾಗಿಯೇ ಒಪ್ಪಿಸುವ ನಿಕ್ಷೇಪಧಾರಿಯನ್ನು ಪೀಡಿಸಬಾರದೆಂದು ಮನುಸ್ಮೃತಿಯು ವಿಧಿಸಿದೆ. ಮುದ್ರೆಯ ಗಂಟಿನಲ್ಲಿಯಾದರೋ ಕೀಲಿಯು ಸತ್ತವನೊಡನೆ ಹೋದರೆ ಕಂಪನಿಯು ಒಪ್ಪಿಸಬಯಸಿದರೂ ಒಪ್ಪಿಸಲಾರದು. ಆದಕಾರಣ ಮನೆಯ ಹಿರಿಯರು ತಮ್ಮ ಕೀಲಿಯ ಪದವನ್ನು ಒಂದು ಲಕೋಟೆಯಲ್ಲಿ ಬರೆದಿಟ್ಟು, ನಂಬಿದವರೊಬ್ಬರಿಗೆ ಅದರ ಸ್ಥಳವನ್ನು ತಿಳಿಸಿರುವುದು ಒಳಿತು. ಕಾಗದದ ಟ್ರಂಕಿಗೆ ಇನ್ನೂ ಈ ಒಂದು ಕೆಲಸ ಉಳಿದಿದೆ.

ಕಾನೂನಿನ ಮಾತಾಯಿತು. ೧೮೭೨ರ ಕರಾರು ಕಾಯಿದೆಯ ೧೫೧ನೆಯ ಪ್ರಕರಣವು, ಪರರ ಸರಕನ್ನು ಇಟ್ಟುಕೊಂಡವನು ಸಾಮಾನ್ಯ ವಿವೇಕಿಯೊಬ್ಬನು ತನ್ನ ಸ್ವಂತ ಸರಕಿಗೆ ವಹಿಸುವಷ್ಟು ಎಚ್ಚರವನ್ನು ವಹಿಸಬೇಕೆನ್ನುತ್ತದೆ. ಅದು ಕೈಗೆ ಸಿಗುವ ಸರಕಿನ ಮಾತು. ೨೦೨೩ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಜನರ ವಿವರಗಳನ್ನು ಇಟ್ಟುಕೊಂಡು ವ್ಯವಹರಿಸುವ ಸಂಸ್ಥೆಯನ್ನು ‘ಡೇಟಾ ಫಿಡ್ಯೂಷಿಯರಿ’ ಎಂದು ಕರೆದಿದೆ. ಅಂದರೆ ವಿಶ್ವಾಸದಿಂದ ಕೊಟ್ಟುದನ್ನು ಹೊತ್ತವನು. ಶಾಸನವು ಕೊನೆಗೂ ವಿಶ್ವಾಸವೆಂಬ ಹಳೆಯ ಶಬ್ದಕ್ಕೆ ಬಂದುದು ಸಂತೋಷ. ಆದರೂ ಕಾನೂನು ಮುಗಿದಲ್ಲಿ ಧರ್ಮವು ಮುಗಿಯುವುದಿಲ್ಲ. ಮೃಚ್ಛಕಟಿಕದ ಚಾರುದತ್ತನನ್ನು ನೆನೆಯಿರಿ. ವಸಂತಸೇನೆಯು ಅವನಲ್ಲಿಟ್ಟ ಒಡವೆಗಳನ್ನು ಶರ್ವಿಲಕನು ಕನ್ನವಿಕ್ಕಿ ಒಯ್ದನು. ಚೋರಹೃತವಾದುದನ್ನು ತೆರಬೇಕಾಗಿಲ್ಲವೆಂದು ಸ್ಮೃತಿಯಿದ್ದರೂ ಆ ಬಡವನು ಸುಮ್ಮನಿರಲಿಲ್ಲ. ಜೂಜಿನಲ್ಲಿ ಸೋತೆನೆಂದು ಹೇಳಿಸಿ, ಹೆಂಡತಿಯ ರತ್ನಹಾರವನ್ನೇ ಅದಕ್ಕೆ ಬದಲಾಗಿ ಕಳುಹಿಸಿದನು. ಅವನು ಹೇಳಿಸಿದ ಸುಳ್ಳನ್ನು ಯಾರೂ ಅನುಸರಿಸಬೇಕಾಗಿಲ್ಲ. ಅವನ ಮನಸ್ಸಿನ ಹೊಣೆಯನ್ನು ಅನುಸರಿಸಬೇಕು. ಕಂಪನಿಗಳು ನಿಬಂಧನೆಯ ನೂರನೆಯ ವಾಕ್ಯದಲ್ಲಿ ಅಡಗಿಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರವೇ ವಣಿಕ್ಪಥಕ್ಕೂ ಧರ್ಮಪಥಕ್ಕೂ ಇರುವ ಅಂತರ.

ಹೀಗಿರಲು ನಿರ್ಣಯವೇನೆಂದರೆ, ದೂರದ ಸರ್ವರಿನಲ್ಲಿ ಖಾಸಗಿಯ ಕಡತವನ್ನಿಡುವುದು ದೋಷವಲ್ಲ; ಪರಸ್ಪರ ವಿಶ್ವಾಸವಿಲ್ಲದೆ ಲೋಕಯಾತ್ರೆಯೇ ನಡೆಯದು. ಮುದ್ರೆಯಿಲ್ಲದೆ, ಪ್ರತಿಯಿಲ್ಲದೆ, ಕಾಯುವವನನ್ನು ವಿಚಾರಿಸದೆ ಇಡುವುದು ಅವಿವೇಕ. ಪರರ ಗುಟ್ಟನ್ನು ಅವರನ್ನು ಕೇಳದೆ ಇಡುವುದೂ, ತಮಗೆ ಬಂದ ಲಿಂಕನ್ನು ಮುಂದಕ್ಕೆ ಕಳುಹಿಸುವುದೂ ನಿಕ್ಷೇಪದ್ರೋಹ. ಕಂಪನಿಗಳ ದ್ರೋಹವನ್ನು ತಡೆಯಲು ಶಾಸನಗಳೂ ನ್ಯಾಯಾಲಯಗಳೂ ಬೇಕು, ಕಾಲವೂ ಬೇಕು. ಎರಡನೆಯ ದ್ರೋಹವನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಕೆಲಸವಾದ ಮೇಲೆ ಹಂಚಿಕೆಯನ್ನು ಮುಚ್ಚುವುದು, ಪರರ ಮಗಳ ಚಿತ್ರವು ನಮ್ಮ ಮೊಬೈಲಿಗೆ ಬಂದಲ್ಲಿ ಅದನ್ನು ಅಲ್ಲಿಯೇ ನಿಲ್ಲಿಸುವುದು, ಇವಕ್ಕೆ ಯಾವ ಶಾಸನವನ್ನೂ ಕಾಯಬೇಕಾಗಿಲ್ಲ.